ಕಂಸಾಳೆಯ ನಾದ ಎಲ್ಲಿ ಸೋರುವುದು?

ಒಂದೇ ಹಾಡು ಮನೆಯ ರೇಡಿಯೋದಲ್ಲಿ ಒಂದು ತೆರನಾಗಿ, ಮಕ್ಕಳ ಕೈಯ ಮೊಬೈಲಿನಲ್ಲಿ ಇನ್ನೊಂದು ತೆರನಾಗಿ, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಮತ್ತೊಂದು ತೆರನಾಗಿ ಕೇಳಿಸುವುದನ್ನು ತಾವು ಗಮನಿಸಿರಬಹುದು. ‘ಇದರಲ್ಲಿ ಚೆನ್ನಾಗಿ ಬರುತ್ತೆ, ಅದರಲ್ಲಿ ಬರೋದಿಲ್ಲ’ ಎಂದು ನಾವು ಯಂತ್ರಕ್ಕೆ ಅಂಕ ಕೊಟ್ಟು ಸುಮ್ಮನಾಗುತ್ತೇವೆ. ಅಂತರಜಾಲದ ವಿಡಿಯೋಗಳ ವಿಷಯದಲ್ಲಂತೂ ಈ ಅಂಕ ಕೊಡುವ ಕೆಲಸ ಬಹಳ ನಡೆದಿದೆ. ಫ್ಲ್ಯಾಷ್ ಮೇಲೋ, ಅದರ ನಂತರ ಬಂದ ಎಚ್‌ಟಿಎಂಎಲ್ ೫ ಮೇಲೋ, ಈ ಬ್ರೌಸರ್ ಮೇಲೋ, ಆ ಬ್ರೌಸರ್ ಮೇಲೋ ಎಂದು ಕಿವಿ ಇರುವವರೆಲ್ಲ ವಾದಿಸಿದ್ದಾರೆ. ಆದರೆ ಅಂಕ ಕೊಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದುಂಟು. ನಮಗೆ ಕೇಳಿಸಿದ ವ್ಯತ್ಯಾಸ ನುಡಿಸುವ ಯಂತ್ರದ್ದೋ, ಆ ಯಂತ್ರಕ್ಕೆ ಬಂದು ಸೇರಿದ ಧ್ವನಿಯದ್ದೋ? ಹಾಲಿಗೆ ನೀರು ಬೆರೆಸಿದವನೊಬ್ಬ, ಬೈಸಿಕೊಂಡದ್ದು ಚೊಂಬು ಎಂಬಂತಾಗಬಾರದು.

ಇದನ್ನು ಒರೆಗೆ ಹಚ್ಚಿ ನೋಡಲು ನಮ್ಮ ಕಡೆಯದೇ ಆದ ಒಂದು ನಾದವನ್ನು ತೆಗೆದುಕೊಳ್ಳೋಣ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಹನೂರು ಸಿಗುವುದು. ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದರೆ ಈ ದಾರಿಯಲ್ಲಿ ಕಾಲ್ನಡಿಗೆಯ ಪರಿಸೆ ಹೊರಡುವುದು. ಕೌದಳ್ಳಿ ದಾಟಿ, ತಾಳಬೆಟ್ಟದಲ್ಲಿ ಏರು ಹಿಡಿದು, ‘ಉಘೇ ಉಘೇ’ ಎನ್ನುತ್ತ ಜನ ಬೆಟ್ಟ ಹತ್ತುವರು. ಮಾದಪ್ಪನ ಕಥೆಯನ್ನು ಹಾಡುವ ದೇವರಗುಡ್ಡರ ಕೈಯಲ್ಲಿ ಕಂಸಾಳೆ ಇರುತ್ತದೆ. ಅದು ಕಂಚಿನ ಜೋಡಿ ವಾದ್ಯ. ಒಂದು ಬಟ್ಟಲಿನ ಆಕಾರದ್ದು, ಎಡ ಅಂಗೈಯಲ್ಲಿ ಕೂರುತ್ತದೆ. ಇನ್ನೊಂದು ಚಪ್ಪಟೆ, ಅದಕ್ಕೆ ದಾರ, ದಾರಕ್ಕೆ ಗೊಂಡೆ. ಬಲಗೈಯ ತಟ್ಟೆ ಎಡಗೈಯ ಬಟ್ಟಲಿಗೆ ತಗುಲಿದಾಗ ಹೊರಡುವ ಸದ್ದು ಒಂದೇ ಬಗೆಯದಲ್ಲ. ಅಂಚಿಗೆ ತಗುಲಿದರೆ ಒಂದು, ಒತ್ತಿ ಹಿಡಿದರೆ ಒಂದು, ಬಿಟ್ಟುಬಿಟ್ಟರೆ ಇನ್ನೊಂದು. ಬೀಸು ಕಂಸಾಳೆಯವರು ಕುಣಿಯುತ್ತ, ಬಾಗುತ್ತ, ತಲೆಯ ಮೇಲೆ, ಬೆನ್ನ ಹಿಂದೆ ಬೀಸಿ ತಟ್ಟುವಾಗ ಆ ಸದ್ದು ಸುತ್ತ ಸುಳಿದು ಬರುವುದನ್ನು ಎದುರಿಗೆ ನಿಂತು ಕೇಳಿದವರು ಮರೆಯಲಾರರು.

ಈ ಕಥೆಯ ಮಾತುಗಳು ಅಚ್ಚಿನಲ್ಲಿ ಉಳಿದಿವೆ. ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿದ ಮಲೆಯ ಮಾದೇಶ್ವರ ಕಾವ್ಯ ೧೯೭೩ರಲ್ಲಿ ಪ್ರಕಟವಾಯಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಇಂಗ್ಲಿಷಿಗೆ ತಂದಿತು. ಪದ ಉಳಿಯಿತು, ಸಂತೋಷ. ಆದರೆ ಪದದ ನಡುವೆ ಬೀಳುವ ಪೆಟ್ಟು, ಪೆಟ್ಟಿನ ಹಿಂದೆ ಎಳೆಯುವ ನಾದ, ಹಿಮ್ಮೇಳದ ತಂಬೂರಿಯ ಗುಂಯ್‌ಗುಟ್ಟುವಿಕೆ, ಇವು ಯಾವ ಅಚ್ಚಿನ ಮೊಳೆಗೂ ಸಿಕ್ಕುವುದಿಲ್ಲ. ಅವು ಉಳಿಯಬೇಕಾದರೆ ಧ್ವನಿಮುದ್ರಣದಲ್ಲಿಯೇ ಉಳಿಯಬೇಕು. ಇಂದು ಹನೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಬೆಳೆಯುವ ಮಗು ಕಂಸಾಳೆಯನ್ನು ಮೊದಲ ಸಲ ಕೇಳುವುದು ಬಹುಮಟ್ಟಿಗೆ ಮೊಬೈಲಿನಲ್ಲಿ, ಯೂಟ್ಯೂಬಿನ ವಿಡಿಯೋ ಒಂದರಲ್ಲಿ. ಅದರಲ್ಲಿ ಕಂಚು ತಗಡಿನಂತೆ ಕೇಳಿದರೆ, ಮಗುವಿನ ಪಾಲಿಗೆ ಕಂಸಾಳೆ ಎಂದರೆ ತಗಡು.

ಈಗ ಕಿವಿಯ ಲೆಕ್ಕ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦ ಕಂಪನಗಳಿಂದ ೨೦,೦೦೦ ಕಂಪನಗಳವರೆಗೆ ಕೇಳಬಲ್ಲದು ಎನ್ನುತ್ತಾರೆ. ವಯಸ್ಸಾದಂತೆ ಮೇಲಿನವು ಮೊದಲು ಮರೆಯಾಗುವುವು. ಆದ್ದರಿಂದ ಮನೆಯಲ್ಲಿ ಧ್ವನಿ ಪರೀಕ್ಷೆ ನಡೆದರೆ ಯಜಮಾನರ ತೀರ್ಪಿಗಿಂತ ಮೊಮ್ಮಗಳ ತೀರ್ಪಿಗೆ ಬೆಲೆ ಹೆಚ್ಚು. ಹಾಡುವವನ ಕಂಠದ ಮುಖ್ಯ ಭಾಗವೆಲ್ಲ ಕೆಲವು ಸಾವಿರ ಕಂಪನಗಳೊಳಗೇ ಇರುತ್ತದೆ. ಕಂಚಿನ ತಾಳದ ಹೊಳಪು ಮಾತ್ರ ೧೦,೦೦೦ವನ್ನೂ ಮೀರಿ ಹೋಗುತ್ತದೆ.

ಮಧ್ಯಮ ತರಂಗದ ಪ್ರಸಾರದಲ್ಲಿ ನಮ್ಮ ದೇಶದಲ್ಲಿ ಒಂದು ನಿಲಯಕ್ಕೂ ಮತ್ತೊಂದಕ್ಕೂ ನಡುವಣ ಅಂತರ ೯ ಕಿಲೋಹರ್ಟ್ಸ್. ನೆರೆಯ ನಿಲಯ ಒಳನುಗ್ಗದಂತೆ ಮನೆಯ ರೇಡಿಯೋ ಬಾಗಿಲನ್ನು ಕಿರಿದು ಮಾಡಿಕೊಂಡಿರುವುದರಿಂದ ೪,೦೦೦–೫,೦೦೦ ಕಂಪನಗಳ ಮೇಲೆ ಹೆಚ್ಚೇನೂ ಒಳಗೆ ಬರುವುದಿಲ್ಲ. ಬೆಂಗಳೂರು ನಿಲಯದ ೬೧೨ ಕಿಲೋಹರ್ಟ್ಸಿಗೆ ಮುಳ್ಳು ತಿರುಗಿಸಿ ಜನಪದ ಗೀತೆ ಕೇಳಿದ ಹಿರಿಯರಿಗೆ ಕಂಸಾಳೆಯ ಪೆಟ್ಟು ಗೊತ್ತಾಗುತ್ತಿತ್ತು, ಹೊಳಪು ಬಹುಪಾಲು ಗೊತ್ತಾಗುತ್ತಿರಲಿಲ್ಲ. ಆದರೂ ಆ ಧ್ವನಿಗೆ ಒಂದು ತೂಕವಿತ್ತು. ಮರದ ಪೆಟ್ಟಿಗೆ, ಅಂಗೈಗಿಂತ ಅಗಲವಾದ ಧ್ವನಿವರ್ಧಕ. ತಂಬೂರಿ ಕೋಣೆಯನ್ನು ತುಂಬುತ್ತಿತ್ತು. ಎಫ್.ಎಂ. ಬಂದ ಮೇಲೆ ೧೫,೦೦೦ ಕಂಪನಗಳವರೆಗೆ ದಾರಿ ತೆರೆಯಿತು. ಮೈಸೂರು ನಿಲಯವನ್ನು ೧೦೦.೬ ಮೆಗಾಹರ್ಟ್ಸಿನಲ್ಲಿ ಚೆನ್ನಾಗಿ ಹಿಡಿಯಬಲ್ಲ ಮನೆಯವರು ಈ ಹೆಚ್ಚುವರಿಯ ಬೆಲೆ ಬಲ್ಲರು. ಎಫ್.ಎಂ. ಅಲೆ ಗುಡ್ಡದ ಮರೆಗೆ ಬಗ್ಗಿ ಹೋಗುವುದು ಕಡಿಮೆ ಎಂಬುದನ್ನು ಗುಡ್ಡದ ಬುಡದವರಿಗೆ ಹೇಳಬೇಕಾದ್ದಿಲ್ಲ.

ಮೊಬೈಲಿನ ಕಥೆ ತಿರುಗುಮುರುಗು. ಅದರ ಬೆರಳುಗುರಿನಷ್ಟು ಧ್ವನಿವರ್ಧಕಕ್ಕೆ ಮೇಲಿನ ಕಂಪನಗಳು ಸಲೀಸು, ಕೆಳಗಿನವು ಆಗದು. ಅಲ್ಲಿ ಕಂಸಾಳೆ ಕುಟುಕುತ್ತದೆ, ತಂಬೂರಿ ಕಾಣೆ. ಹೀಗಾಗಿ ‘ರೇಡಿಯೋ ಮಂಕು, ಮೊಬೈಲು ಸ್ಪಷ್ಟ’ ಎಂದು ಹುಡುಗರೂ, ‘ಮೊಬೈಲು ಕೀಚಲು, ರೇಡಿಯೋ ಇಂಪು’ ಎಂದು ಹಿರಿಯರೂ ಹೇಳುವುದರಲ್ಲಿ ಇಬ್ಬರದೂ ಸರಿಯೇ. ಇದು ಧ್ವನಿವರ್ಧಕದ ಗುಣ, ವಿಡಿಯೋ ನುಡಿಸುವ ವಿಧಾನಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಧಾನಗಳನ್ನು ಹೋಲಿಸಬೇಕಾದರೆ ಕಿವಿಗೆ ಹಾಕುವ ಒಂದೇ ಇಯರ್‌ಫೋನ್ ಇಟ್ಟುಕೊಂಡು ಹೋಲಿಸಬೇಕು.

ಅಂತರಜಾಲದಲ್ಲಿ ಧ್ವನಿ ಅಂಕಿಗಳಾಗಿ ಹೋಗುತ್ತದೆ. ಓಡುವ ಕುದುರೆಯ ಚಿತ್ರವನ್ನು ಸಿನಿಮಾ ಕ್ಯಾಮೆರಾ ಬಿಡಿಬಿಡಿಯಾಗಿ ಹಿಡಿಯುವಂತೆ ಧ್ವನಿಯ ಅಲೆಯನ್ನು ಸೆಕೆಂಡಿಗೆ ಇಂತಿಷ್ಟು ಸಲ ಅಳೆದು ಬರೆದುಕೊಳ್ಳುತ್ತಾರೆ. ಹೀಗೆ ಅಳೆದುಕೊಂಡ ಒಂದೊಂದಕ್ಕೂ ಮಾದರಿ ಎಂದು ಹೆಸರು. ಸೆಕೆಂಡಿಗೆ ಎಷ್ಟು ಮಾದರಿಯೋ ಅದರ ಅರ್ಧದಷ್ಟು ಕಂಪನಗಳವರೆಗೆ ಮಾತ್ರ ಆ ಬರಹದಲ್ಲಿ ಹಿಡಿಯಬಹುದು. ಇದು ಮೀರಲಾಗದ ನಿಯಮ. ಸಿ.ಡಿ. ತಟ್ಟೆಯಲ್ಲಿ ಮಾದರಿಗಳು ೪೪,೧೦೦, ಅಂದರೆ ಕಿವಿಯ ಪೂರ್ಣ ವ್ಯಾಪ್ತಿ ಅದರಲ್ಲಿ ಅಡಗುವುದು. ಆದರೆ ಎಡ ಬಲ ಎರಡೂ ಸೇರಿ ಸೆಕೆಂಡಿಗೆ ೧,೪೧೧ ಕಿಲೋಬಿಟ್ ಆಗುತ್ತದೆ. ಟೆಲಿಫೋನ್ ತಂತಿಯ ಮೇಲೆ ಅಂತರಜಾಲ ತೆವಳುತ್ತಿದ್ದ ಕಾಲದಲ್ಲಿ ಇಷ್ಟನ್ನು ಕಳಿಸುವುದು ಆಗದ ಮಾತು.

ಅದಕ್ಕಾಗಿ ಹುಟ್ಟಿದ್ದು ಕುಗ್ಗಿಸುವ ವಿದ್ಯೆ. ಜರ್ಮನಿಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಅವರ ಜೊತೆಗಾರರು ದುಡಿದು ರೂಪಿಸಿದ ಎಂಪಿ೩ ಇದರಲ್ಲಿ ಪ್ರಸಿದ್ಧ. ಇದರ ಬುದ್ಧಿವಂತಿಕೆ ಇಷ್ಟು: ಜಾತ್ರೆಯ ತಮಟೆಯ ಪಕ್ಕದಲ್ಲಿ ಪಿಸುಮಾತು ಕೇಳಿಸದು, ಕೇಳಿಸದ ಪಿಸುಮಾತನ್ನು ಬರೆದಿಡುವುದೇಕೆ? ಜೋರಾದ ಧ್ವನಿ ತನ್ನ ನೆರೆಯ ಕಂಪನಗಳ ಮೆಲುಧ್ವನಿಯನ್ನು ಮುಚ್ಚುವುದು. ಹೀಗೆ ಮುಚ್ಚಿಹೋಗುವುದನ್ನು ಲೆಕ್ಕ ಹಾಕಿ ಒರಟಾಗಿ ಬರೆದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ ಕಿವಿ ದೂರು ಹೇಳುವುದಿಲ್ಲ. ೧೯೯೭ರಲ್ಲಿ ಬಂದ ಎಎಸಿ, ೨೦೧೨ರಲ್ಲಿ ಬಂದ ಓಪಸ್ ಇದೇ ಕುಲದವು, ಇನ್ನಷ್ಟು ಜಾಣವಾದವು. ಇಂಥ ಕುಗ್ಗಿಸುವ ಕ್ರಮಕ್ಕೆ ಕೋಡೆಕ್ ಎಂದು ಹೆಸರು.

ಆದರೆ ಈ ಜಾಣತನಕ್ಕೆ ಗ್ರಹಚಾರದಂತೆ ಒಂದು ಬಗೆಯ ಧ್ವನಿ ಗಂಟು ಬಿದ್ದಿದೆ: ನಿಶ್ಶಬ್ದದ ನಡುವೆ ತಟ್ಟನೆ ಬೀಳುವ ಪೆಟ್ಟು. ಎಂಪಿ೩ ಧ್ವನಿಯನ್ನು ತುಂಡುತುಂಡಾಗಿ ಕತ್ತರಿಸಿ ಒಂದೊಂದು ತುಂಡನ್ನೂ ಬೇರೆಯಾಗಿ ಕುಗ್ಗಿಸುತ್ತದೆ. ಸಿ.ಡಿ. ಮಾದರಿಯಲ್ಲಿ ಒಂದು ತುಂಡಿನ ಉದ್ದ ೧,೧೫೨ ಮಾದರಿ, ಅಂದರೆ ಸೆಕೆಂಡಿನ ಸಾವಿರದಲ್ಲಿ ೨೬ ಭಾಗ. ಪೆಟ್ಟು ತುಂಡಿನ ನಡುವೆ ಬಿದ್ದರೆ, ಒರಟಾಗಿ ಬರೆದದ್ದರಿಂದ ಹುಟ್ಟುವ ಮರಮರ ಸದ್ದು ತುಂಡಿನುದ್ದಕ್ಕೂ ಹರಡುವುದು. ಪೆಟ್ಟಿನ ಹಿಂದೆ ಮಾತ್ರವಲ್ಲ, ಮುಂಚೆಯೂ. ಪೆಟ್ಟಿನ ನಂತರದ್ದು ಪೆಟ್ಟಿನ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ. ಮುಂಚಿನದನ್ನು ಮುಚ್ಚುವವರಾರು? ಕಿವಿ ಮುಂಚಿನ ಕೆಲವೇ ಸಾವಿರಾಂಶ ಸೆಕೆಂಡುಗಳನ್ನು ಮಾತ್ರ ಕ್ಷಮಿಸುತ್ತದೆ. ಹೀಗಾಗಿ ಕಂಸಾಳೆ ‘ಠಣ್’ ಎನ್ನುವ ಬದಲು ‘ಷ್ಟಣ್’ ಎನ್ನುತ್ತದೆ. ಇದಕ್ಕೆ ಮುಂಗುಡುಗು ಎನ್ನೋಣವೆ? ಮಿಂಚಿಗೆ ಮುಂಚೆ ಗುಡುಗು ಬಂದಂತೆ.

ಪಶ್ಚಿಮದ ಇಂಜಿನಿಯರರು ಈ ರೋಗವನ್ನು ಕಂಡುಹಿಡಿಯಲು ಸ್ಪೇನಿನ ಮರದ ಚಿಟಿಕೆಗಳಾದ ಕ್ಯಾಸ್ಟನೆಟ್‌ಗಳನ್ನು ಬಳಸಿದರು. ಯೂರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ೧೯೮೮ರಲ್ಲಿ ಹೊರತಂದ ಧ್ವನಿಪರೀಕ್ಷೆಯ ಸಿ.ಡಿ.ಯಲ್ಲಿ ಅದೂ ಇದೆ, ಕಬ್ಬಿಣದ ತ್ರಿಕೋನ ವಾದ್ಯವೂ ಇದೆ. ಕಂಸಾಳೆಯಲ್ಲಿ ಆ ಎರಡರ ಕಷ್ಟವೂ ಒಟ್ಟಿಗೆ ಇವೆ ಎಂದು ನನ್ನ ಅಭಿಪ್ರಾಯ. ಪೆಟ್ಟಿನ ಚುರುಕಿಗೆ ತುಂಡು ಚಿಕ್ಕದಾಗಬೇಕು. ಹಿಂದೆ ಎಳೆಯುವ ನಾದದ ಬಣ್ಣಗಳನ್ನು ಬೇರೆ ಬೇರೆಯಾಗಿ ಬಿಡಿಸಲು ತುಂಡು ದೊಡ್ಡದಿರಬೇಕು. ಒಂದು ಬೇಕೆಂದರೆ ಇನ್ನೊಂದನ್ನು ಬಿಡಬೇಕು. ಒಳ್ಳೆಯ ಕೋಡೆಕ್ ಕ್ಷಣಕ್ಷಣಕ್ಕೆ ತುಂಡಿನ ಉದ್ದ ಬದಲಿಸಿ ಇಬ್ಬರನ್ನೂ ಸಮಾಧಾನ ಮಾಡುತ್ತದೆ. ಕೊಟ್ಟ ಕಿಲೋಬಿಟ್ ತೀರ ಕಡಿಮೆಯಾದರೆ ಯಾರನ್ನೂ ಸಮಾಧಾನ ಮಾಡಲಾರದು.

ಇನ್ನು ಫ್ಲ್ಯಾಷ್ ವಿಚಾರಕ್ಕೆ ಬರೋಣ. ೧೯೯೬ರಲ್ಲಿ ಹುಟ್ಟಿದ ಫ್ಲ್ಯಾಷ್ ಬ್ರೌಸರಿನೊಳಗೆ ಬಾಡಿಗೆಗೆ ಬಂದ ಕಾರ್ಮಿಕನಂತೆ. ಬ್ರೌಸರಿಗೆ ತಾನಾಗಿ ವಿಡಿಯೋ ತೋರಿಸಲು ಬರುತ್ತಿರಲಿಲ್ಲ. ಫ್ಲ್ಯಾಷ್ ಎಂಬ ಪರಿಕರವನ್ನು ಸೇರಿಸಿಕೊಂಡರೆ ಅದು ತೋರಿಸುತ್ತಿತ್ತು. ೨೦೦೨ರಲ್ಲಿ ಅದಕ್ಕೆ ವಿಡಿಯೋ ನುಡಿಸುವ ಶಕ್ತಿ ಬಂತು, ೨೦೦೫ರಲ್ಲಿ ಯೂಟ್ಯೂಬ್ ಅದನ್ನೇ ನೆಚ್ಚಿ ಶುರುವಾಯಿತು. ಆ ಮೊದಲ ದಿನಗಳ ಯೂಟ್ಯೂಬ್ ಧ್ವನಿ ಹೇಗಿತ್ತು? ಎಂಪಿ೩, ಒಂದೇ ಕಿವಿಯದು, ಅಂದರೆ ಎಡ ಬಲವೆಂಬ ಭೇದವಿಲ್ಲ, ಸೆಕೆಂಡಿಗೆ ೨೨,೦೫೦ ಮಾದರಿ. ಮೇಲೆ ಹೇಳಿದ ನಿಯಮದಂತೆ ಅರ್ಧ ಮಾಡಿದರೆ ೧೧,೦೨೫. ಕಂಸಾಳೆಯ ಹೊಳಪಿನ ಮೇಲಂತಸ್ತನ್ನೇ ಕಿತ್ತುಹಾಕಿದ ಹಾಗೆ. ಉಳಿದ ಕೆಳಂತಸ್ತಿನಲ್ಲಿ ಮುಂಗುಡುಗು.

ಇಲ್ಲಿ ಒಂದು ಸೂಕ್ಷ್ಮವಿದೆ. ೨೦೦೭ರ ಕೊನೆಗೆ ಫ್ಲ್ಯಾಷ್ ಎಎಸಿ ಧ್ವನಿಯನ್ನೂ ನುಡಿಸಲು ಕಲಿಯಿತು. ಯೂಟ್ಯೂಬ್ ಒಂದೇ ವಿಡಿಯೋವನ್ನು ಚಿತ್ರದ ಗಾತ್ರಕ್ಕೆ ತಕ್ಕಂತೆ ಹಲವು ಕಡತಗಳಾಗಿ ಇಡತೊಡಗಿತು. ಆಗ ಚಿತ್ರವೂ ಧ್ವನಿಯೂ ಒಂದೇ ಕಡತದಲ್ಲಿ ಕಟ್ಟಿ ಬರುತ್ತಿದ್ದವು. ಚಿಕ್ಕ ಚಿತ್ರ ಆರಿಸಿದವನಿಗೆ ಚಿಕ್ಕ ಧ್ವನಿ, ದೊಡ್ಡ ಚಿತ್ರ ಆರಿಸಿದವನಿಗೆ ದೊಡ್ಡ ಧ್ವನಿ. ೨೪೦ ಗೆರೆಯ ಚಿತ್ರದೊಂದಿಗೆ ೬೪ ಕಿಲೋಬಿಟ್ಟಿನ ಹಳೆಯ ಎಂಪಿ೩ ಬಂದರೆ, ೩೬೦ ಗೆರೆಯ ಎಂಪಿ೪ ಕಡತದೊಂದಿಗೆ ೯೬ ಕಿಲೋಬಿಟ್ಟಿನ ಎಎಸಿ, ೭೨೦ ಗೆರೆಯದರೊಂದಿಗೆ ೧೯೨ ಕಿಲೋಬಿಟ್ಟಿನ ಎಎಸಿ. ನುಡಿಸುತ್ತಿದ್ದದ್ದು ಅದೇ ಫ್ಲ್ಯಾಷ್! ಕೇಳುಗ ಚಿತ್ರ ನಿಚ್ಚಳವಾಗಲೆಂದು ಗುಂಡಿ ಒತ್ತಿದ. ಅದರೊಂದಿಗೆ ಕಂಸಾಳೆಗೂ ಜೀವ ಬಂತು. ಹಾಡು ಕೇಳಲೆಂದೇ ಕೂತವನು ‘ಚಿತ್ರ ಹೇಗಿದ್ದರೇನು’ ಎಂದು ಚಿಕ್ಕದನ್ನೇ ಆರಿಸಿದ್ದರೆ, ಅವನೇ ನಷ್ಟಕ್ಕೆ ಬಿದ್ದ.

೨೦೧೦ರ ಹೊತ್ತಿಗೆ ಎಚ್‌ಟಿಎಂಎಲ್ ೫ ಬಂದಿತ್ತು. ಇದು ಹೊಸ ಕಾರ್ಮಿಕನಲ್ಲ; ಬ್ರೌಸರ್ ತಾನೇ ಆ ಕೆಲಸ ಕಲಿತದ್ದು. ಆ ವರ್ಷದ ಜನವರಿಯಲ್ಲಿ ಯೂಟ್ಯೂಬ್ ಅದನ್ನು ಪ್ರಯೋಗಕ್ಕೆ ಬಿಟ್ಟಿತು. ಏಪ್ರಿಲ್‌ನಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ತಮ್ಮ ಫೋನುಗಳಿಗೆ ಫ್ಲ್ಯಾಷ್ ಏಕೆ ಬೇಡವೆಂದು ಬಹಿರಂಗ ಪತ್ರ ಬರೆದರು. ಅದರಲ್ಲಿ ಹೇಳಿದ್ದು ಬ್ಯಾಟರಿ, ಸುರಕ್ಷತೆ, ಬೆರಳಿನ ಸ್ಪರ್ಶ ಮುಂತಾದ ಕಾರಣಗಳನ್ನು. ಧ್ವನಿಯ ವಿಚಾರವನ್ನು ಎತ್ತಿಕೊಂಡವರು ಕೇಳುಗರು. ಒಬ್ಬನಿಗೆ ಹೊಸದು ಇಂಪೆನಿಸಿತು, ಒಬ್ಬನಿಗೆ ಹಳೆಯದು. ಇಬ್ಬರೂ ಸುಳ್ಳು ಹೇಳಲಿಲ್ಲ. ಏಕೆಂದರೆ ಬ್ರೌಸರುಗಳಲ್ಲಿ ಕೆಲವು ಎಎಸಿ ಧ್ವನಿಯುಳ್ಳ ಎಂಪಿ೪ ಕಡತವನ್ನು ಒಪ್ಪುತ್ತಿದ್ದವು. ಕೆಲವು ಒಪ್ಪದೆ, ವೋರ್ಬಿಸ್ ಎಂಬ ಬೇರೆ ಕೋಡೆಕ್ಕಿನ ಧ್ವನಿಯುಳ್ಳ ವೆಬ್‌ಎಂ ಕಡತವನ್ನು ಕೇಳುತ್ತಿದ್ದವು. ವಿಳಾಸ ಒಂದೇ, ಹಾಡು ಒಂದೇ, ಎಚ್‌ಟಿಎಂಎಲ್ ೫ ಎಂಬ ಹೆಸರೂ ಒಂದೇ. ಕಿವಿಗೆ ಬಿದ್ದ ಕಡತ ಮಾತ್ರ ಬೇರೆ. ಪದ್ಧತಿಗಳ ಜಗಳವೆಂದು ನಡೆದದ್ದು ಬಹುಮಟ್ಟಿಗೆ ಕಡತಗಳ ಜಗಳ.

ಹಾಗಾದರೆ ನುಡಿಸುವ ಯಂತ್ರದ ಪಾಲು ಏನೂ ಇಲ್ಲವೆ? ಸ್ವಲ್ಪ ಉಂಟು. ಕ್ಯಾಮೆರಾದ ವಿಡಿಯೋಗಳಲ್ಲಿ ಧ್ವನಿಗೆ ೪೮,೦೦೦ ಮಾದರಿ ರೂಢಿ. ಹಳೆಯ ಫ್ಲ್ಯಾಷ್ ಕಡತದ ಎಂಪಿ೩ ಧ್ವನಿಗೆ ೧೧,೦೨೫, ೨೨,೦೫೦, ೪೪,೧೦೦ ಎಂಬ ಮೆಟ್ಟಿಲುಗಳು. ಅಲ್ಲಿಂದ ಇಲ್ಲಿಗೆ ಇಳಿಸುವಾಗ, ಮತ್ತೆ ಕಂಪ್ಯೂಟರ್ ತನ್ನ ಅಳತೆಗೆ ಏರಿಸುವಾಗ, ಸೇರಿನಿಂದ ಪಾವಿಗೆ ಅಳೆದು ಮತ್ತೆ ಸೇರಿಗೆ ಸುರಿದಂತಾಗುವುದು. ಎಚ್ಚರವಾಗಿ ಮಾಡಿದರೆ ಕಾಳು ಚೆಲ್ಲುವುದಿಲ್ಲ. ಇದರಿಂದಾಗುವ ನಷ್ಟ ಕಡತದ ಬಡತನದ ಮುಂದೆ ಬಹಳ ಸಣ್ಣದು. ೨೦೧೫ರ ಜನವರಿಯಲ್ಲಿ ಯೂಟ್ಯೂಬ್ ಎಚ್‌ಟಿಎಂಎಲ್ ೫ ಅನ್ನೇ ಮುಖ್ಯ ಮಾಡಿಕೊಂಡಿತು. ೨೦೨೦ರ ಡಿಸೆಂಬರ್ ೩೧ಕ್ಕೆ ಫ್ಲ್ಯಾಷ್ ಸೇವೆ ನಿಂತುಹೋಯಿತು. ಅದರೊಂದಿಗೆ ಆ ವಾದವೂ ಮಲಗಿತು.

ಈಗಿನ ಪರಿಸ್ಥಿತಿ ಉತ್ತಮ. ಚಿತ್ರ ಮತ್ತು ಧ್ವನಿ ಈಗ ಬೇರೆ ಬೇರೆ ಕಡತಗಳಾಗಿ ಬರುತ್ತವೆ. ಯೂಟ್ಯೂಬಿನ ಧ್ವನಿ ಸಾಮಾನ್ಯವಾಗಿ ಎರಡು ಬಗೆ: ಸುಮಾರು ೧೨೮ ಕಿಲೋಬಿಟ್ಟಿನ ಎಎಸಿ, ಇಲ್ಲವೆ ಓಪಸ್. ಓಪಸ್‌ನಲ್ಲಿ ಮೇಲ್ದರ್ಜೆಯದು ಸುಮಾರು ೧೬೦ ಕಿಲೋಬಿಟ್‌ವರೆಗೆ ಹೋಗುವುದು. ೭೦ ಮತ್ತು ೫೦ರ ಆಸುಪಾಸಿನ ಕೆಳದರ್ಜೆಗಳೂ ಇವೆ. ಎಎಸಿ ೧೬,೦೦೦ ಕಂಪನಗಳ ಸುಮಾರಿಗೆ ಕೈಬಿಡುವುದು, ಓಪಸ್ ೨೦,೦೦೦ದ ತನಕ ಹೋಗುವುದು. ಕಾಗದದ ಮೇಲೆ ಓಪಸ್ ಮೇಲು. ಕಿವಿಯ ಮೇಲೆ, ಮೇಲ್ದರ್ಜೆಯವೆರಡರ ನಡುವೆ ಭೇದ ಹೇಳಬಲ್ಲ ಮಧ್ಯವಯಸ್ಕರು ಬಹಳ ಇರಲಾರರು. ಆದರೆ ೫೦ ಕಿಲೋಬಿಟ್ಟಿಗೆ ಇಳಿದಾಗ ಕಂಸಾಳೆ ಮೊದಲು ಹೇಳಿಬಿಡುತ್ತದೆ. ನಾದದ ಬಾಲ ನೀರಿನಲ್ಲಿ ಅಲುಗಿದಂತೆ ಅಲುಗುತ್ತದೆ. ಮೊಬೈಲಿನ ಸಂಜ್ಞೆ ತೆಳುವಾದ ಗುಡ್ಡದ ಮರೆಯ ಊರುಗಳಲ್ಲಿ, ದತ್ತಾಂಶ ಉಳಿಸುವ ಏರ್ಪಾಡನ್ನು ಹಚ್ಚಿಟ್ಟ ಫೋನುಗಳಲ್ಲಿ, ಕೆಳದರ್ಜೆಯದೇ ಪಾಲಿಗೆ ಬರಬಹುದು. ಬೆಟ್ಟದ ಹಾಡು ಬೆಂಗಳೂರಿನಲ್ಲಿ ಚೆನ್ನಾಗಿಯೂ ಬೆಟ್ಟದ ಬುಡದಲ್ಲಿ ಬಡವಾಗಿಯೂ ಕೇಳಿಸುವ ವಿಪರೀತ ಹೀಗೆ ಆಗುತ್ತದೆ.

ತಮಗೆ ಯಾವುದು ಬರುತ್ತಿದೆ ಎಂದು ಊಹಿಸಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಓಡುತ್ತಿರುವ ವಿಡಿಯೋ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಎಂಬ ಸಾಲು ಇದೆ. ಪಂಡಿತಪ್ಪಗಳಿಗಾಗಿ ಅಂಕಿಅಂಶ ಎಂದು ಅದರ ವಿನೋದದ ಅರ್ಥ. ಅದನ್ನು ತೆರೆದರೆ ಕೋಡೆಕ್ ಎಂಬ ಸಾಲಿನಲ್ಲಿ ಓಪಸ್ ಎಂದೋ, ಎಂಪಿ೪ಎ ಎಂದೋ ಬರೆದಿರುತ್ತದೆ. ಎಂಪಿ೪ಎ ಎಂದರೆ ಎಎಸಿ. ಅಲ್ಲೇ ಧ್ವನಿಮಟ್ಟವನ್ನು ಎಷ್ಟು ತಗ್ಗಿಸಲಾಗಿದೆ ಎಂಬುದೂ ಕಾಣುವುದು. ಯೂಟ್ಯೂಬ್ ತೀರ ಜೋರಾದ ಧ್ವನಿಯನ್ನು ತಗ್ಗಿಸಿ ಎಲ್ಲವನ್ನೂ ಒಂದು ಮಟ್ಟಕ್ಕೆ ತರಲು ನೋಡುತ್ತದೆ. ೨೦೨೩ರಿಂದ ಕೆಲವು ವಿಡಿಯೋಗಳಿಗೆ ‘ಸ್ಟೇಬಲ್ ವಾಲ್ಯೂಮ್’ ಎಂಬ ಇನ್ನೊಂದು ಏರ್ಪಾಡು ಸೇರಿದೆ. ಅದು ಹಾಡಿನೊಳಗಿನ ಮೆಲುಧ್ವನಿ ಮತ್ತು ಜೋರುಧ್ವನಿಯ ಅಂತರವನ್ನೇ ಕಡಿಮೆ ಮಾಡುವುದು. ವಾರ್ತೆಗೆ, ಅಡುಗೆ ಪಾಠಕ್ಕೆ ಅದು ಅನುಕೂಲ. ಕಥೆ ಹೇಳುವಾಗ ತಗ್ಗಿ, ಉಘೇ ಎನ್ನುವಾಗ ಎಗರುವ ಹಾಡಿಗೆ ಅದು ಬೇಡ. ಸಜ್ಜಿಕೆಯ ಚಕ್ರದ ಗುರುತು ಒತ್ತಿ ಆರಿಸಿಬಿಡಬಹುದು.

ಮನೆಯ ಬ್ಲೂಟೂತ್ ಪೆಟ್ಟಿಗೆಯನ್ನು ಇಲ್ಲಿ ಮರೆಯಬಾರದು. ಮೊಬೈಲು ಕುಗ್ಗಿದ ಧ್ವನಿಯನ್ನು ಬಿಡಿಸಿ, ಗಾಳಿಯಲ್ಲಿ ಕಳಿಸಲು ಅದನ್ನು ಮತ್ತೊಮ್ಮೆ ಕುಗ್ಗಿಸುತ್ತದೆ. ಎಲ್ಲ ಬ್ಲೂಟೂತ್ ಪೆಟ್ಟಿಗೆಗಳಿಗೂ ತಿಳಿದಿರುವ ಕ್ರಮ ಎಸ್‌ಬಿಸಿ. ಒಂದು ಸಲ ಜರಡಿ ಹಿಡಿದದ್ದನ್ನು ಬೇರೆ ಕಣ್ಣಿನ ಜರಡಿಯಲ್ಲಿ ಇನ್ನೊಂದು ಸಲ ಹಿಡಿದ ಹಾಗೆ. ಎರಡು ಪೆಟ್ಟಿಗೆಗಳನ್ನು ಹೋಲಿಸುವಾಗ ನಾವು ಕೋಡೆಕ್ಕುಗಳನ್ನು ಹೋಲಿಸುತ್ತಿದ್ದೇವೆಂದು ತಿಳಿಯಬಾರದು.

ಆಕಾಶವಾಣಿಯನ್ನು ನ್ಯೂಸ್‌ಆನ್‌ಏರ್ ಮೂಲಕ ಮೊಬೈಲಿನಲ್ಲಿ ಕೇಳುವವರಿಗೂ ಇದೇ ಲೆಕ್ಕ. ಸಂಜ್ಞೆ ಚೆನ್ನಾಗಿದ್ದಲ್ಲಿ ಅದು ಮಧ್ಯಮ ತರಂಗಕ್ಕಿಂತ ನಿಚ್ಚಳ. ಒಂದು ಮಾತು ಮಾತ್ರ: ಧ್ವನಿಯನ್ನು ತುಂಡು ಮಾಡಿ, ಕುಗ್ಗಿಸಿ, ಕೂಡಿಟ್ಟು ಕಳಿಸುವುದರಿಂದ ಅದು ಹಲವು ಸೆಕೆಂಡು ಹಿಂದೆ ಬೀಳುತ್ತದೆ. ವಾರ್ತೆಗೆ ಮುಂಚಿನ ಬೀಪ್ ಸದ್ದಿಗೆ ಗಡಿಯಾರ ಹೊಂದಿಸುವ ಅಭ್ಯಾಸವಿದ್ದರೆ ಮೊಬೈಲನ್ನು ನಂಬಬೇಡಿ, ರೇಡಿಯೋವನ್ನೇ ನಂಬಿ.

ಮನೆಯಲ್ಲಿ ಎರಡು ಧ್ವನಿಗಳನ್ನು ನ್ಯಾಯವಾಗಿ ಹೋಲಿಸುವುದು ಹೇಗೆ? ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದಕ್ಕೆ ೧೯೯೪ರಲ್ಲಿ ಒಂದು, ೨೦೦೧ರಲ್ಲಿ ಇನ್ನೊಂದು ಕ್ರಮವನ್ನು ಶಿಫಾರಸು ಮಾಡಿತು. ಅವುಗಳ ಜೀವಾಳ: ಕೇಳುವವನಿಗೆ ಯಾವುದು ಯಾವುದೆಂದು ತಿಳಿದಿರಬಾರದು. ಎರಡನೆಯ ಕ್ರಮದಲ್ಲಿ ಒಂದು ಚಮತ್ಕಾರವೂ ಇದೆ. ಕೇಳಿಸುವ ಹಲವು ಧ್ವನಿಗಳ ನಡುವೆ ಮೂಲಧ್ವನಿಯನ್ನೇ ಹೆಸರಿಲ್ಲದೆ ಸೇರಿಸುತ್ತಾರೆ; ೩,೫೦೦ ಕಂಪನಗಳ ಮೇಲೆಲ್ಲ ಕತ್ತರಿಸಿದ ಮಂಕು ಧ್ವನಿಯೊಂದನ್ನೂ ಸೇರಿಸುತ್ತಾರೆ. ಮೂಲಕ್ಕೆ ಕಡಿಮೆ ಅಂಕ, ಮಂಕಿಗೆ ಹೆಚ್ಚು ಅಂಕ ಕೊಟ್ಟವನ ತೀರ್ಪನ್ನು ಪಕ್ಕಕ್ಕಿಡುತ್ತಾರೆ. ಮನೆಗೆ ಇಷ್ಟು ಬೇಕಿಲ್ಲ. ಒಬ್ಬರು ನುಡಿಸಲಿ, ಇನ್ನೊಬ್ಬರು ಗೋಡೆಗೆ ಮುಖ ಮಾಡಿ ಕೂತು ಕೇಳಲಿ. ಯಾವುದನ್ನು ನುಡಿಸುವುದೆಂದು ನಾಣ್ಯ ಚಿಮ್ಮಿ ತೀರ್ಮಾನಿಸಲಿ. ಹತ್ತು ಸಲ ನಡೆಸಿ ಒಂಬತ್ತು ಸಲ ಸರಿ ಹೇಳಿದರೆ ಭೇದ ನಿಜವಾಗಿ ಕೇಳಿಸುತ್ತಿದೆ ಎಂದು ಒಪ್ಪಬಹುದು; ಬರಿಯ ಊಹೆಯಿಂದ ಅಷ್ಟು ಸರಿಹೋಗುವ ಸಂಭವ ನೂರಕ್ಕೆ ಒಂದರಷ್ಟು. ಆರು ಸಲ ಸರಿಹೋದರೆ ಏನನ್ನೂ ಹೇಳುವಂತಿಲ್ಲ. ಎಲ್ಲಕ್ಕಿಂತ ಮೊದಲು ಎರಡರ ಜೋರನ್ನೂ ಸಮ ಮಾಡಬೇಕು. ಕೂದಲೆಳೆಯಷ್ಟು ಜೋರಾದದ್ದನ್ನು ಕಿವಿ ‘ಜೋರು’ ಎನ್ನುವುದಿಲ್ಲ, ‘ಚೆನ್ನ’ ಎನ್ನುತ್ತದೆ. ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಹೀಗೆ ಪರೀಕ್ಷೆ ಮಾಡಿದಾಗ, ಯೂಟ್ಯೂಬಿನಲ್ಲಿರುವ ಎಷ್ಟೋ ಕಂಸಾಳೆ ವಿಡಿಯೋಗಳಲ್ಲಿ ಓಪಸ್ಸಿಗೂ ಎಎಸಿಗೂ ಭೇದವೇ ಕಾಣದೆ, ಎರಡೂ ಸಮನಾಗಿ ಕೆಟ್ಟಿರುವುದು ಕಂಡುಬರುವುದು. ಕಾರಣ ಇನ್ನೂ ಹಿಂದೆ, ಮುದ್ರಿಸಿಕೊಂಡ ಗಳಿಗೆಯಲ್ಲಿದೆ. ಗುಂಡಿಯ ಮೊಬೈಲುಗಳ ಕಾಲದಲ್ಲಿ ಜಾತ್ರೆಯಲ್ಲಿ ಹಿಡಿದ ೩ಜಿಪಿ ವಿಡಿಯೋಗಳ ಧ್ವನಿ ಬಹುಮಟ್ಟಿಗೆ ಎಎಂಆರ್ ಎಂಬ ಟೆಲಿಫೋನ್ ಕೋಡೆಕ್ಕಿನದು. ಸೆಕೆಂಡಿಗೆ ೮,೦೦೦ ಮಾದರಿ. ಎಂದರೆ ೪,೦೦೦ ಕಂಪನಗಳ ಮೇಲೆ ಏನೂ ಇಲ್ಲ, ಮಧ್ಯಮ ತರಂಗದ ರೇಡಿಯೋಗಿಂತ ಕಡಿಮೆ. ಅದನ್ನು ಇಂದು ೧೬೦ ಕಿಲೋಬಿಟ್ಟಿನ ಓಪಸ್ಸಿನಲ್ಲಿ ಬಡಿಸಿದರೆ ಬಾಳೆಯೆಲೆ ದೊಡ್ಡದಾಯಿತು, ಅನ್ನ ಹೆಚ್ಚಲಿಲ್ಲ. ಈಗಿನ ಮೊಬೈಲುಗಳಲ್ಲಿ ಬೇರೆ ತೊಂದರೆ. ಧ್ವನಿಯ ಮಟ್ಟವನ್ನು ತಾನೇ ಸರಿಪಡಿಸುವ ಏರ್ಪಾಡು ಕಂಸಾಳೆಯ ಒಂದೊಂದು ಪೆಟ್ಟಿಗೂ ಬೆಚ್ಚಿ ಎಲ್ಲವನ್ನೂ ತಗ್ಗಿಸಿಬಿಡುವುದು. ಪೆಟ್ಟಿನ ಬೆನ್ನಿಗೇ ಹಾಡುಗಾರನ ಕಂಠ ಬಾವಿಗೆ ಬಿದ್ದು ಮೇಲೇಳುವುದು. ಗದ್ದಲ ತೆಗೆಯುವ ಏರ್ಪಾಡಂತೂ ತಂಬೂರಿಯ ಶ್ರುತಿಯನ್ನೇ ಗದ್ದಲವೆಂದು ಬಗೆದು ಒರೆಸಿಹಾಕಬಹುದು. ಮಾತಿಗಾಗಿ ಮಾಡಿದ ಯಂತ್ರಕ್ಕೆ ಶ್ರುತಿ ಎಂದರೇನೆಂದು ಏನು ಗೊತ್ತು?

ಆಮೇಲೆ ವಾಟ್ಸಾಪ್. ಒಬ್ಬರಿಂದ ಒ಼ಬ್ಬರಿಗೆ ವಿಡಿಯೋ ಕಳಿಸುವಾಗ ಅದು ಮತ್ತೆ ಕುಗ್ಗುತ್ತದೆ. ಇನ್ನಾರೋ ಅದನ್ನು ಕತ್ತರಿಸಿ, ಮೇಲೆ ಹೂವಿನ ಚಿತ್ರ ಅಂಟಿಸಿ, ಯೂಟ್ಯೂಬಿಗೆ ಏರಿಸುತ್ತಾರೆ, ಅಲ್ಲಿ ಮತ್ತೊಮ್ಮೆ. ಪ್ರತಿ ಸಲವೂ ಹೊಸ ಕೋಡೆಕ್ ಹಿಂದಿನದು ಬಿಟ್ಟ ಕಲೆಗಳನ್ನೇ ಸಂಗೀತವೆಂದು ನಂಬಿ ಅದಕ್ಕಾಗಿ ತನ್ನ ಕಿಲೋಬಿಟ್ ಖರ್ಚು ಮಾಡುತ್ತದೆ. ಮೂಲ ಕಡತವನ್ನು ಜಾಗ ಸಾಲದೆಂದು ಅಳಿಸಿಯಾಗಿರುತ್ತದೆ. ಕಳಿಸಲೇಬೇಕಾದರೆ ವಿಡಿಯೋ ಎಂದು ಕಳಿಸದೆ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಇದ್ದದ್ದು ಇದ್ದಂತೆಯೇ ಹೋಗುತ್ತದೆ. ಇಷ್ಟು ಸಣ್ಣ ಯುಕ್ತಿ ತಿಳಿಯದೆ ಹಾಳಾದ ಮುದ್ರಣಗಳಿಗೆ ಲೆಕ್ಕವಿಲ್ಲವೆಂದೇ ತೋರುತ್ತದೆ.

ಆದ್ದರಿಂದ ಮನೆಯಲ್ಲಿ, ಊರ ಗುಡಿಯಲ್ಲಿ ದೇವರಗುಡ್ಡರ ಹಾಡನ್ನು ಹಿಡಿದಿಡುವವರು ಕುಗ್ಗಿಸದ ವೇವ್ ಕಡತದಲ್ಲಿಯೇ ಹಿಡಿಯುವುದು ಮೇಲು. ಮೊಬೈಲಿಗೂ ಅಂಥ ಮುದ್ರಕ ಆ್ಯಪ್‌ಗಳು ಸಿಗುತ್ತವೆ. ಮಟ್ಟ ಸರಿಪಡಿಸುವ, ಗದ್ದಲ ತೆಗೆಯುವ ಏರ್ಪಾಡುಗಳನ್ನು ಆರಿಸಬೇಕು. ಮೈಕನ್ನು ಕಂಸಾಳೆಯ ಮುಂದೆಯೇ ಹಿಡಿಯದೆ ಹಾಡುವವನ ಬಾಯಿಗೆ ಹತ್ತಿರ, ಕೈಗೆ ದೂರ ಇಟ್ಟರೆ ತಕ್ಕಡಿ ಸಮನಾಗುವುದು. ೪೮,೦೦೦ ಮಾದರಿ, ೧೬ ಬಿಟ್, ಎಡ ಬಲ ಎರಡೂ ಸೇರಿ ಒಂದು ಗಂಟೆಗೆ ಸುಮಾರು ೬೯೦ ಮೆಗಾಬೈಟ್ ಆಗುತ್ತದೆ. ೬೪ ಗಿಗಾಬೈಟಿನ ಚಿಪ್ಪಿನಲ್ಲಿ ತೊಂಬತ್ತು ಗಂಟೆಯಷ್ಟು ಹಿಡಿಯುವುದು. ಅದೂ ಹೆಚ್ಚೆನಿಸಿದರೆ ಫ್ಲ್ಯಾಕ್ ಎಂಬ ಕ್ರಮವುಂಟು. ಏನನ್ನೂ ಎಸೆಯದೆ ಸುಮಾರು ಅರ್ಧಕ್ಕೆ ಮಡಚುತ್ತದೆ, ಬಿಚ್ಚಿದರೆ ಮೂಲವೇ ಸಿಗುತ್ತದೆ.

ಕೊನೆಯದಾಗಿ, ಬೀರುವಿನ ಮೇಲೆ ಬಿದ್ದಿರುವ ಹಳೆಯ ಕ್ಯಾಸೆಟ್ಟುಗಳ ವಿಚಾರ. ಹನೂರು, ಕೊಳ್ಳೇಗಾಲ, ಯಳಂದೂರಿನ ಕಡೆಯ ಮನೆಗಳಲ್ಲಿ ಮಾದಪ್ಪನ ಹಾಡಿನ ಕ್ಯಾಸೆಟ್ ಇಲ್ಲದ ಕಾಲವಿರಲಿಲ್ಲ. ಅಂಗಡಿಯಲ್ಲಿ ಕೊಂಡದ್ದು ಹೇಗೂ ಬೇರೆಡೆ ಸಿಗಬಹುದು. ಮದುವೆಯಲ್ಲೋ ಹಬ್ಬದಲ್ಲೋ ಮನೆಯವರೇ ಮುದ್ರಿಸಿಕೊಂಡದ್ದು ಜಗತ್ತಿನಲ್ಲಿ ಅದೊಂದೇ ಪ್ರತಿ. ಅದನ್ನು ಕಂಪ್ಯೂಟರಿಗೆ ಇಳಿಸುವ ಮುನ್ನ ಟೇಪ್ ರೆಕಾರ್ಡರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ ಒಣಗಲು ಬಿಡಬೇಕು. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕೂತ ಒಂದು ಪುಟ್ಟ ತಿರುಪಿರುತ್ತದೆ. ಮುದ್ರಿಸಿದ ಯಂತ್ರದ ಹೆಡ್ಡಿಗೂ ನುಡಿಸುವ ಯಂತ್ರದ ಹೆಡ್ಡಿಗೂ ಓರೆಯಲ್ಲಿ ಎಳೆಯಷ್ಟು ಭೇದವಿದ್ದರೂ ಮೇಲಿನ ಕಂಪನಗಳು ಮಾಯವಾಗುತ್ತವೆ. ಹಾಡು ಓಡುತ್ತಿರುವಾಗ ಆ ತಿರುಪನ್ನು ಸಣ್ಣ ಸ್ಕ್ರೂ ಡ್ರೈವರಿನಿಂದ ಅತ್ತ ಒಂದಿಷ್ಟು, ಇತ್ತ ಒಂದಿಷ್ಟು ತಿರುಗಿಸುತ್ತ ಕಂಸಾಳೆಯ ಮೇಲೆ ಕಿವಿ ಇಡಬೇಕು. ಮಂಕಾಗಿ, ಬೆಳಗಿ, ಮತ್ತೆ ಮಂಕಾಗುವುದು. ಅತಿ ಹೆಚ್ಚು ಬೆಳಗಿದ ಜಾಗದಲ್ಲಿ ನಿಲ್ಲಿಸಿ ಇಳಿಸಲು ಶುರು ಮಾಡಬಹುದು. ಕ್ಯಾಸೆಟ್ಟಿನ ಎರಡನೆಯ ಮಗ್ಗುಲಿಗೆ ಮತ್ತೆ ಒಮ್ಮೆ ಹೀಗೆಯೇ ನೋಡಿಕೊಳ್ಳಬೇಕು. ಎರಡು ಮಗ್ಗುಲಿಗೂ ಓರೆ ಒಂದೇ ಇರುವುದಿಲ್ಲ.